ಮಾತು ಮುಗಿಯುವವರೆಗೆ

ಅಕ್ಕನ ಹ್ಯಾಚರಿಯಲ್ಲಿ ಒಂದು ಬ್ಯಾಚಿನ ಮೊಟ್ಟೆಗಳು ಪೂರ್ತಿ ಸತ್ತಿವೆ ಎಂಬ ಸುದ್ದಿ ಬಂದಾಗ ನಾನು ಒಂದು ಲಾಂಡ್ರಿಯಲ್ಲಿ ಬಿಸಿನೀರಿನ ಯಂತ್ರದ ಕಂಟ್ರೋಲ್ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದೆ. ಕೇಳಿ ಏನನ್ನಿಸಿತು ಎಂದರೆ, ಏನೂ ಅನ್ನಿಸಲಿಲ್ಲ. ಹೂಂ ಎಂದೆ, ಬರ್ತೀನಿ ಎಂದೆ, ಬಿಚ್ಚಿದ ತಿರುಪುಗಳನ್ನು ಒಂದೊಂದಾಗಿ ಬಿಗಿದೆ. ಆ ದಿನಗಳಲ್ಲಿ ನಾನು ಹಾಗೇ ಇದ್ದೆ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ದವಡೆ ಮುಟ್ಟಿಕೊಂಡರೆ ಬೇರೆ ಯಾರದೋ ಮುಖ ಮುಟ್ಟಿದ ಹಾಗಿರುತ್ತದೆ. ಭಾವ ತೀರಿಕೊಂಡ ಮೇಲೆ ನನಗೆ ಇಡೀ ಮೈ ಹಾಗಾಗಿತ್ತು.

ಭಾವ ಹೋಗಿ ಎರಡು ತಿಂಗಳಾಗಿತ್ತು. ಅಕ್ಕನ ಆಫೀಸು ಕೋಣೆಯ ಎದುರಿನ ಬೆಂಚಿನ ಮೇಲೆ ಕೂತವರು ಕೂತಲ್ಲೇ ಹೋದರು. ಅಕ್ಕ ಒಳಗಿದ್ದಳು. ಹೃದಯದ ತೊಂದರೆ, ಯಾರಿಂದಲೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ನೋಡಲು ಬಂದವರೆಲ್ಲ ಆ ಮಾತನ್ನು ಎತ್ತಿಕೊಂಡು, ಅದಕ್ಕೆ ತಮ್ಮದೊಂದು ಸೇರಿಸಿ, ಪುಣ್ಯವಂತರು, ನರಳಲಿಲ್ಲ, ಯಾರಿಗೂ ಭಾರವಾಗಲಿಲ್ಲ ಎಂದು ಹೇಳಿ ಎದ್ದು ಹೋದರು. ಸತ್ತವರಿಗೆ ಅದೃಷ್ಟವಿತ್ತು ಎಂದು ಹೇಳಲು ಜನ ಎಷ್ಟು ದೂರದಿಂದ ಬೇಕಾದರೂ ಬರುತ್ತಾರೆ. ಅಕ್ಕ ಅವರಿಗೆಲ್ಲ ಕಾಫಿ ಕೊಟ್ಟು ಕಳಿಸಿದಳು. ಅವಳು ಅಳಲಿಲ್ಲ. ಅಳದವಳನ್ನು ಕಂಡರೆ ಜನಕ್ಕೆ ಒಂದು ಥರ ಭಯ. ಗಟ್ಟಿಗಿತ್ತಿ ಎಂದು ಎದುರಿಗೆ ಹೇಳಿ, ಕಲ್ಲೆದೆ ಎಂದು ಗೇಟಿನ ಹತ್ತಿರ ಹೇಳಿಕೊಂಡರು. ನಾನೂ ಅಳಲಿಲ್ಲ, ಆದರೆ ನನ್ನ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಗಂಡಸಲ್ಲವೇ, ಮಾಫಿ.

ನನಗೆ ಭಾವ ಎಂದರೆ ಬರೀ ಅಕ್ಕನ ಗಂಡ ಅಲ್ಲ. ಅಪ್ಪ ಅಮ್ಮ ಹೋದಾಗ ನಾನು ಶಾಲೆಯಲ್ಲಿದ್ದೆ. ಹೊಸದಾಗಿ ಮದುವೆಯಾದ ಅಕ್ಕನ ಮನೆಗೆ ನನ್ನ ಪೆಟ್ಟಿಗೆ ಬಂದಾಗ, ಆ ಮನುಷ್ಯ ಒಂದೂ ಮಾತಾಡದೆ ತನ್ನ ಮೇಜಿನ ಅರ್ಧ ಭಾಗ ಖಾಲಿ ಮಾಡಿಕೊಟ್ಟರು. ಆ ಮೇಜಿನ ಮೇಲೇ ನನಗೆ ಸಿ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವುದನ್ನು ಕಲಿಸಿದರು. ಅದೇ ಈಗ ನನ್ನ ಹೊಟ್ಟೆಪಾಡು. ಕಾರ್ಖಾನೆಗಳ ಕಂಟ್ರೋಲ್ ಪೆಟ್ಟಿಗೆಗಳೊಳಗೆ ಏನು ಕೆಟ್ಟಿದೆ ಎಂದು ನೋಡುವುದು, ಸರಿಮಾಡುವುದು.

ಅಕ್ಕ ಫೋನಿನಲ್ಲಿ ಸುತ್ತಿ ಬಳಸಿ ಏನೂ ಹೇಳಲಿಲ್ಲ. ಮರಿಗಳು ಚಿಪ್ಪು ಒಡೆದು ಬರುವ ದಿನ ಒಂದೂ ಬರಲಿಲ್ಲ. ಒಡೆದು ನೋಡಿದರೆ ಒಳಗೆ ಚಿಪ್ಪಿಗೆ ಅಂಟಿಕೊಂಡು ಸತ್ತಿದ್ದವು. ಬಿಸಿ ಸರಿ ಇತ್ತು, ತೇವ ಸರಿ ಇತ್ತು, ಕಾವು ಯಂತ್ರದ ಕಂಟ್ರೋಲ್ ಪೆಟ್ಟಿಗೆಯ ಮೇಲಿನ ಹಸಿರು ದೀಪ ಒಂದು ದಿನವೂ ಆರಿರಲಿಲ್ಲ. ಎಂದರೆ ಮೊಟ್ಟೆ ಜೋಡಿಸಿಟ್ಟ ತಟ್ಟೆಗಳು ತಿರುಗಿಲ್ಲ. ಪೆಟ್ಟಿಗೆಯೊಳಗಿನ ಪ್ರೋಗ್ರಾಮು ಭಾವನದು.

"ಸೋಮವಾರ ಹೊಸ ಮೊಟ್ಟೆ ಬರುತ್ತೆ," ಎಂದಳು. "ಅಷ್ಟರಲ್ಲಿ ಒಂದೇ ಒಂದು ಹೇಳು. ಅವರು ಬರೆದದ್ದರಲ್ಲಿ ತಪ್ಪಿದೆಯೋ ಇಲ್ಲವೋ. ಇದ್ದರೆ ಆ ಪೆಟ್ಟಿಗೆ ಕಿತ್ತು ಎಸೀತೀನಿ. ರೆಡಿಮೇಡ್ ಪೆಟ್ಟಿಗೆ ಮಾರೋನು ಶನಿವಾರ ಬರ್ತಾನೆ."

ತಪ್ಪಿಲ್ಲ ಎಂದು ಅಲ್ಲೇ ಹೇಳಿಬಿಡಬೇಕು ಎನಿಸಿತು. ಆ ಎರಡು ತಿಂಗಳಲ್ಲಿ ನನಗೆ ಹಾಗೆ ಏನಾದರೂ ಬೇಕು ಎನಿಸಿದ್ದು ಅದೊಂದೇ. ಭಾವನ ಬಟ್ಟೆ ಯಾರಿಗೋ ಹೋಗಿತ್ತು, ಕನ್ನಡಕ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರು ಯೋಚಿಸಿದ ರೀತಿ ಇನ್ನೂ ಓಡುತ್ತಿದ್ದದ್ದು ಆ ಪೆಟ್ಟಿಗೆಯೊಳಗೆ ಮಾತ್ರ.

ಕೋಳಿ ಕೂರದೆ ಮೊಟ್ಟೆಗೆ ಕಾವು ಕೊಡುವ ಜಾಗ ಹ್ಯಾಚರಿ. ಅಕ್ಕನದು ಒಂದು ಉದ್ದನೆಯ ಕಟ್ಟಡ. ಮುಂದೆ ಅವಳ ಆಫೀಸು ಕೋಣೆ, ಎದುರಿಗೆ ಮೊಟ್ಟೆ ಕೊಡುವವರೂ ಮರಿ ಒಯ್ಯುವವರೂ ಕೂರುವ ಬೆಂಚು, ಗೋಡೆಯಾಚೆ ಕಾವು ಕೋಣೆ. ಕಾವು ಕೋಣೆಗೆ ಹೋದರೆ ಕನ್ನಡಕಕ್ಕೆ ಮಂಜು ಹಿಡಿಯುತ್ತದೆ. ಎರಡೂ ಕಡೆ ಆಳೆತ್ತರದ ಕಬ್ಬಿಣದ ಚೌಕಟ್ಟುಗಳು, ಅವುಗಳಲ್ಲಿ ಸಾಲಾಗಿ ತಟ್ಟೆಗಳು. ತಾಯಿಕೋಳಿ ಕೊಕ್ಕಿನಿಂದ ಮೊಟ್ಟೆ ಹೊರಳಿಸುವ ಹಾಗೆ, ಗಂಟೆಗೊಂದು ಸಲ ಮೋಟರು ಎಲ್ಲ ತಟ್ಟೆಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿಸುತ್ತದೆ. ಹಾಗೆ ಹೊರಳಿಸದಿದ್ದರೆ ಮರಿ ಚಿಪ್ಪಿಗೆ ಅಂಟುತ್ತದೆ.

ಇದನ್ನೆಲ್ಲ ನಡೆಸುವ ಪ್ರೋಗ್ರಾಮನ್ನು ನಮ್ಮ ಕಸುಬಿನಲ್ಲಿ ಡೀಮನ್ ಎನ್ನುತ್ತೇವೆ. ಪೆಟ್ಟಿಗೆಗೆ ಕರೆಂಟು ಬಂದ ಕ್ಷಣದಿಂದ ಹಿನ್ನೆಲೆಯಲ್ಲಿ, ಯಾರಿಗೂ ಕಾಣದೆ, ಓಡುತ್ತಲೇ ಇರುವಂಥದ್ದು. ಅಕ್ಕ ಅದನ್ನು ಭೂತ ಎನ್ನುತ್ತಿದ್ದಳು. ನಿಮ್ಮ ಭೂತ ಇವತ್ತು ಎದ್ದಿದೆಯೋ ಇಲ್ಲವೋ ಎಂದು ಭಾವನನ್ನು ರೇಗಿಸುತ್ತಿದ್ದಳು. ಅವರು ಹೋದ ಮೇಲೆ ಆ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಡೀಮನ್ ತಾನೇ ಎಲ್ಲ ಕೆಲಸ ಮಾಡುವುದಿಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಚಿಕ್ಕ ಪ್ರೋಗ್ರಾಮನ್ನು ಹೊರಡಿಸುತ್ತದೆ. ಬಿಸಿ ಅಳೆಯಲು ಒಂದು, ತಟ್ಟೆ ವಾಲಿಸಲು ಒಂದು. ಹೊರಡಿಸಿದ್ದು ತಾಯಿ, ಹೊರಟದ್ದು ಮಗು ಎಂದು ಕರೆಯುವುದು ರೂಢಿ. ಹೊರಡಿಸುವುದು ಸುಲಭ, ಕಷ್ಟ ಇರುವುದೆಲ್ಲ ಆಮೇಲೆ. ಭಾವ ಇದನ್ನು ನನಗೆ ಕಲಿಸುವಾಗ ಹಿಟ್ಟು ನಾದುವವರ ಹಾಗೆ ಹೇಳಿದ್ದನ್ನೇ ಹೇಳಿ ಹೇಳಿ ಹದಮಾಡಿದ್ದರು. ಮಗುವಿಗೆ ನಿನ್ನ ಕೈಯಲ್ಲಿರುವುದನ್ನೆಲ್ಲ ಕೊಟ್ಟು ಕಳಿಸಬೇಡ, ಅದಕ್ಕೆ ಬೇಕಾದ್ದಷ್ಟೇ ಕೊಡು. ಅದು ಹೇಳುವುದನ್ನೂ ಕೇಳು, ಏನೋ ತಪ್ಪಾಗಿದೆ ಎಂದು ಗೊಣಗುವುದನ್ನೂ ಕೇಳು. ಗೊಣಗಾಟ ಕೇಳದಿದ್ದರೆ ಅದರ ಮಾತು ಬರುವ ಕೊಳವೆ ತುಂಬಿ ಅದು ನಿಂತಲ್ಲೇ ನಿಂತುಬಿಡುತ್ತದೆ. ಮುಗಿದ ಮೇಲೆ ಹೇಗೆ ಮುಗಿಯಿತು ಎಂದು ವಿಚಾರಿಸು. ಎಲ್ಲಕ್ಕಿಂತ ಮುಖ್ಯ, ಎಷ್ಟು ಹೊತ್ತು ಕಾಯಬೇಕೆಂದು ಕಳಿಸುವ ಮೊದಲೇ ನಿರ್ಧರಿಸು. ಹೊತ್ತು ಮೀರಿದರೆ ಮುಲಾಜಿಲ್ಲದೆ ನಿಲ್ಲಿಸು.

ನಾನು ಗುರುವಾರ ಬೆಳಗ್ಗೆ ಹೋದೆ. ಗೇಟಿನಲ್ಲಿ ತಟ್ಟೆಯಮ್ಮ ಸಿಕ್ಕಳು. ಕಾವು ಕೋಣೆ ನೋಡಿಕೊಳ್ಳುವವಳು, ಹ್ಯಾಚರಿ ಶುರುವಾದಾಗಿನಿಂದ ಇದ್ದವಳು. ಅಕ್ಕನೂ ಸೇರಿ ಎಲ್ಲರೂ ಕರೆಯುವುದು ತಟ್ಟೆಯಮ್ಮ ಎಂದೇ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಸತ್ತ ಮೊಟ್ಟೆಗಳನ್ನು ಬುಟ್ಟಿಯಲ್ಲಿ ಹಿಂದಿನ ಗುಂಡಿಗೆ ಹೊರುತ್ತಿದ್ದಳು. ವಾಸನೆ ಇತ್ತು. ವಾಸನೆ ಇದೆ ಎಂದು ಗೊತ್ತಾಯಿತು, ಅಷ್ಟೆ.

ತಟ್ಟೆ ತಿರುಗದ್ದು ನಿನ್ನ ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳಿದೆ. ಅವಳು ಬುಟ್ಟಿ ಇಳಿಸಿ, ಬಿದ್ದಿದ್ದರೆ ಬಿಡುತ್ತಿದ್ದೆನೇ ಎಂದಳು. ಅವಳು ಕಾವು ಕೋಣೆಗೆ ಹೋಗುವುದು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಗಂಟೆಗೊಂದು ಸಲ ಆ ಕಡೆ ಈ ಕಡೆ ವಾಲುವ ತಟ್ಟೆ, ಅವಳು ಹೋಗುವ ಎರಡೂ ಹೊತ್ತಿಗೆ ಲೆಕ್ಕಕ್ಕೆ ಸರಿಯಾಗಿ ಎಡಕ್ಕೇ ವಾಲಿರುತ್ತದೆ. ವರ್ಷಗಟ್ಟಲೆ ಅವಳು ನೋಡಿದ್ದು ಎಡಕ್ಕೆ ವಾಲಿದ ತಟ್ಟೆಯನ್ನೇ. ಈ ಸಲವೂ ಎಡಕ್ಕೇ ವಾಲಿತ್ತು. ಅವಳನ್ನು ದೂರುವುದಕ್ಕೆ ಏನೂ ಉಳಿಯಲಿಲ್ಲ.

ಅಕ್ಕ ಯಂತ್ರಕ್ಕೆ ಯಾರನ್ನೂ ಕೈಹಾಕಲು ಬಿಟ್ಟಿರಲಿಲ್ಲ. ಒಳ್ಳೆಯದಾಯಿತು. ಪೆಟ್ಟಿಗೆಗೆ ನನ್ನ ಲ್ಯಾಪ್‌ಟಾಪು ಸಿಕ್ಕಿಸಿ, ಕಾವು ಕೋಣೆಯ ಬಾಗಿಲ ಹತ್ತಿರ ಮೊಟ್ಟೆಯ ಖಾಲಿ ಕ್ರೇಟಿನ ಮೇಲೆ ಕೂತು, ಒಳಗೆ ಯಾವ ಯಾವ ಪ್ರೋಗ್ರಾಮು ಓಡುತ್ತಿದೆ ಎಂದು ನೋಡಿದೆ. ಡೀಮನ್ ಬದುಕಿತ್ತು. ಬಿಸಿ ಅಳೆಯುವ ಮಗು ಹುಟ್ಟುತ್ತಿತ್ತು, ಅಳೆಯುತ್ತಿತ್ತು, ಮುಗಿಯುತ್ತಿತ್ತು, ತಾಯಿ ವಿಚಾರಿಸಿಕೊಳ್ಳುತ್ತಿತ್ತು. ಎಲ್ಲ ಕ್ಲುಪ್ತ. ತಟ್ಟೆ ವಾಲಿಸುವ ಮಗು ಮಾತ್ರ ಹುಟ್ಟೇ ಇರಲಿಲ್ಲ. ಅದರ ಬದಲು ಇನ್ನೊಂದು ಇತ್ತು. ಮೂರು ವಾರದಿಂದ ಓಡುತ್ತಲೇ ಇದ್ದದ್ದು. ಓಡುತ್ತ ಎಂದರೆ ತಪ್ಪು, ನಿಂತೇ ಇದ್ದದ್ದು. ಕೂಗುವ ಪ್ರೋಗ್ರಾಮು.

ಇದರ ಕಥೆ ನನಗೆ ಗೊತ್ತಿತ್ತು. ಹಿಂದೊಮ್ಮೆ ತಟ್ಟೆಯಮ್ಮನ ಬೆರಳು ಚೌಕಟ್ಟಿಗೆ ಸಿಕ್ಕಿ ಜಜ್ಜಿಹೋಗಿತ್ತು. ಅಂದಿನಿಂದ ಭಾವ ಒಂದು ಏರ್ಪಾಡು ಮಾಡಿದರು. ತಟ್ಟೆ ವಾಲುವ ಮೊದಲು ಒಂದು ಸ್ಪೀಕರಿನಿಂದ ಅವರದೇ ದನಿ ಬರುತ್ತದೆ: "ಕೈ ತೆಗೀರಿ ತಾಯಿ, ಮಕ್ಕಳು ಮಗ್ಗುಲು ಬದಲಾಯಿಸ್ತಾರೆ." ದನಿ ಮುಗಿದ ಮೇಲೇ ಮೋಟರು ಹೊರಡಬೇಕು. ಯಾರ ಬೆರಳೂ ಸಿಕ್ಕಬಾರದು.

ತಟ್ಟೆಯ ಕೆಲಸದ ಮಟ್ಟಿಗೆ ಡೀಮನ್ ಆ ದನಿ ಮುಗಿಯಲೆಂದು ಕಾಯುತ್ತಿತ್ತು. ದನಿ ನುಡಿಸುವ ಪ್ರೋಗ್ರಾಮು, ತಾನು ನುಡಿಯಬೇಕಾದ ಸ್ಪೀಕರು ಕಾಣದೆ, ಅದು ಬರಲೆಂದು ಕಾಯುತ್ತಿತ್ತು. ಒಂದರ ಹಿಂದೊಂದು ಕಾಯುತ್ತ ಮೂರು ವಾರ ಕಳೆದಿದ್ದವು.

ನಾನು ಭಾವ ಬರೆದ ಸಾಲುಗಳನ್ನು ತೆರೆದೆ. ಕೈಬರಹದ ಹಾಗೆ ಅದೂ ಒಬ್ಬೊಬ್ಬರದು ಒಂದೊಂದು ಥರ. ಅವರದು ಬಿಡಿಬಿಡಿಯಾಗಿ, ಎಲ್ಲೂ ಅವಸರವಿಲ್ಲದೆ. ಬಿಸಿ ಅಳೆಯುವ ಮಗುವಿಗೆ ಕಾಯುವ ಮಿತಿ ಇತ್ತು. ತಟ್ಟೆ ವಾಲಿಸುವುದಕ್ಕೂ ಇತ್ತು. ಮಿತಿ ಮೀರಿದರೆ ನಿಲ್ಲಿಸುವ ಸಾಲು, ನಿಲ್ಲದಿದ್ದರೆ ಕೊಲ್ಲುವ ಸಾಲು, ಅದರ ಬೆನ್ನಿಗೆ ಹುಟ್ಟಿರಬಹುದಾದ ಮೊಮ್ಮಕ್ಕಳನ್ನೂ ಬಿಡದ ಸಾಲು. ಕೂಗುವ ಪ್ರೋಗ್ರಾಮಿಗೆ ಮಾತ್ರ ಮಿತಿ ಇರಲಿಲ್ಲ. ಬರೀ ಕಾಯುವುದು.

ನನಗೆ ಆಶ್ಚರ್ಯವಾಗಲಿಲ್ಲ. ಆ ಮನುಷ್ಯ ಯಾರ ಮಾತಿಗೂ ನಡುವೆ ಬಾಯಿ ಹಾಕಿದವರಲ್ಲ. ಸಾಮಾನು ಮಾರಲು ಬಂದವನು ಕೂಡ ಇಡೀ ಪಾಠ ಒಪ್ಪಿಸಿ ಮುಗಿಸುವವರೆಗೆ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಬೇಡಪ್ಪ ಎನ್ನುತ್ತಿದ್ದರು. ಅಕ್ಕ ಫೋನಿನಲ್ಲಿದ್ದರೆ ಊಟದ ತಟ್ಟೆಯ ಮುಂದೆ ಕೈಕಟ್ಟಿ ಕೂರುತ್ತಿದ್ದರು, ಅನ್ನ ಆರಿಹೋಗುತ್ತಿತ್ತು. ಯಂತ್ರವನ್ನು ಮುಲಾಜಿಲ್ಲದೆ ಕೊಲ್ಲಬಲ್ಲವರಿಗೆ, ಅದು ಮಾತಾಡುವ ಯಂತ್ರ ಎಂದ ಕೂಡಲೇ ಕೈ ಬರಲಿಲ್ಲ. ಮಾತನ್ನು ಅರ್ಧಕ್ಕೆ ಕತ್ತರಿಸುವ ಸಾಲನ್ನು ಅವರು ಬರೆಯಲೇ ಇಲ್ಲ. ಇಂಥ ತಪ್ಪನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ.

ಹಾಗಾದರೆ ತಪ್ಪಿದೆ. ಆದರೆ ಸ್ಪೀಕರು ಯಾಕೆ ಕಾಣೆಯಾಯಿತು? ಕಾವು ಕೋಣೆಯ ಗೋಡೆಯಲ್ಲಿ ಅದು ತನ್ನ ಜಾಗದಲ್ಲೇ ಇತ್ತು. ಅದರ ವೈರು ಪೆಟ್ಟಿಗೆಯವರೆಗೆ ಬಂದಿರಲಿಲ್ಲ. ಇಲಿ ಕಡಿದಿರಬೇಕು ಎಂದುಕೊಂಡೆ. ಕಡಿದಿರಲಿಲ್ಲ. ವೈರನ್ನು ಬಿಡಿಸಿ, ಅಚ್ಚುಕಟ್ಟಾಗಿ ಸುತ್ತಿ, ಸುರುಳಿಗೆ ರಬ್ಬರ್ ಬ್ಯಾಂಡು ಹಾಕಿ ಮೊಳೆಗೆ ನೇತುಹಾಕಿದ್ದರು. ಇಲಿಗಳು ರಬ್ಬರ್ ಬ್ಯಾಂಡು ಹಾಕುವುದಿಲ್ಲ.

ತಟ್ಟೆಯಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು. ನಾನು ಏನು ನೋಡುತ್ತಿದ್ದೇನೆ ಎಂದು ನೋಡಿದಳು, ಆಫೀಸು ಕೋಣೆಯ ಕಡೆ ನೋಡಿದಳು, ದನಿ ಇಳಿಸಿದಳು.

"ಅಮ್ಮಾವ್ರೇ ಬಿಚ್ಚಿದ್ದು. ನೀವು ಕೇಳೋಕೆ ಹೋಗಬೇಡಿ. ಗಂಟೆಗೊಂದು ಸಲ ಆ ದನಿ ಗೋಡೆಯಾಚೆಯಿಂದ ಬರ್ತಿತ್ತು, ಪಾಪ, ಹೇಗೆ ತಡಕೊಂಡಾರು."

ಅವಳು ಬುಟ್ಟಿ ಎತ್ತಿಕೊಂಡು ಹೋದಳು. ನಾನು ಕ್ರೇಟಿನ ಮೇಲೆ ಕೂತೇ ಇದ್ದೆ. ಅತ್ತ ದರಿ, ಇತ್ತ ಪುಲಿ. ಭಾವ ಬರೆದದ್ದು ಸರಿ ಇದೆ ಎಂದರೆ, ಹಾಗಾದರೆ ತಟ್ಟೆ ಯಾಕೆ ತಿರುಗಲಿಲ್ಲ ಎಂದು ಅಕ್ಕ ಕೇಳುತ್ತಾಳೆ; ವೈರು ಬಿಚ್ಚಿದ್ದೇ ಕಾರಣ ಎಂದರೆ ಆ ಮರಿಗಳನ್ನೆಲ್ಲ ಕೊಂದದ್ದು ಅವಳ ಕೈ ಎಂದಾಗುತ್ತದೆ. ಭಾವನದೇ ತಪ್ಪು ಎಂದರೆ ಸುಳ್ಳೇನೂ ಅಲ್ಲ, ಮಿತಿ ಇಡಬೇಕಿತ್ತು, ಇಡಲಿಲ್ಲ. ಸತ್ತವರಿಗೆ ಅವಮಾನವಾಗುವುದಿಲ್ಲ. ಶನಿವಾರ ಮಾರುವವನು ಬರುತ್ತಾನೆ, ಪೆಟ್ಟಿಗೆ ಗುಜರಿಗೆ ಹೋಗುತ್ತದೆ, ಅಕ್ಕ ನೆಮ್ಮದಿಯಾಗಿರುತ್ತಾಳೆ. ಬದುಕಿದ್ದವರನ್ನು ಉಳಿಸಿಕೊಳ್ಳಬೇಕಾದ್ದು ನ್ಯಾಯ. ಹಾಗೆಂದು ನಿರ್ಧರಿಸಿ ಎದ್ದೆ. ನಿರ್ಧರಿಸುವಾಗಲೂ ಒಳಗೆ ಏನೂ ಅಲುಗಾಡಲಿಲ್ಲ. ಬೇರೆ ಯಾರದೋ ಮನೆಯ ಸಾಮಾನು ಎತ್ತಿಡುವ ಹಾಗಿತ್ತು.

ಅಕ್ಕ ಮೇಜಿನ ಹಿಂದೆ ಕೂತಿದ್ದಳು. ಮೇಜಿನ ಮೇಲೆ ರೆಡಿಮೇಡ್ ಪೆಟ್ಟಿಗೆಯ ಬಣ್ಣದ ಚಿತ್ರಗಳಿದ್ದ ಕಾಗದ. ಕೂದಲು ಬಿಗಿಯಾಗಿ ಕಟ್ಟಿದ್ದಳು, ಮುಖದಲ್ಲಿ ನಿದ್ದೆಗೆಟ್ಟ ಗುರುತೂ ಇರಲಿಲ್ಲ. ಸಿಕ್ಕಿತಾ ಎಂದಳು. ಸಿಕ್ಕಿತು ಎಂದೆ. ಭಾವ ಒಂದು ಕಡೆ ಕಾಯುವ ಮಿತಿ ಇಟ್ಟಿರಲಿಲ್ಲ, ಅದರಿಂದ ಪ್ರೋಗ್ರಾಮು ನಿಂತುಹೋಗಿತ್ತು ಎಂದೆ. ವೈರಿನ ಮಾತು ಎತ್ತಲಿಲ್ಲ.

"ಅವರ ತಪ್ಪು," ಎಂದಳು.

ಹೂಂ ಎಂದೆ.

ಅವಳು ಚಿತ್ರದ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಅದನ್ನು ನೋಡದೆ, ಎಷ್ಟೋ ವರ್ಷದಿಂದ ನಡೆದದ್ದು ಈ ಬ್ಯಾಚಿಗೇ ಯಾಕೆ ನಿಂತಿತು ಎಂದು ಕೇಳಿದಳು. ಅಕ್ಕ ಲೆಕ್ಕದಲ್ಲಿ ಯಾವತ್ತೂ ಚುರುಕು. ಇಂಥ ಯಂತ್ರ ಒಂದಲ್ಲ ಒಂದು ದಿನ ನಿಲ್ಲುತ್ತದೆ ಎಂದೇನೋ ಗೊಣಗಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಗೋಡೆಯ ಕಡೆ ಮುಖ ಮಾಡಿ ಹೇಳತೊಡಗಿದಳು.

"ಆ ಸ್ಪೀಕರು ನಾನೇ ಬಿಚ್ಚಿದ್ದು. ತಟ್ಟೆಯಮ್ಮ ಅಂದ್ಕೊಂಡಿದಾಳೆ, ಕೇಳೋಕಾಗದೆ ಬಿಚ್ಚಿದೆ ಅಂತ. ಹಾಗಲ್ಲ. ಅವರು ಹೋದ ಮಾರನೇ ದಿನ ಆ ದನಿ ಬಂದಾಗ ಬೀಳದ ಹಾಗೆ ಈ ಮೇಜು ಹಿಡ್ಕೊಂಡೆ. ಆಮೇಲಾಮೇಲೆ ಏನೂ ಆಗಲಿಲ್ಲ ಕಣೋ. ಗಂಟೆಗೊಂದು ಸಲ ಬರ್ತಿತ್ತು, ನಾನು ಬಿಲ್ಲು ಬರೀತಾನೇ ಇರ್ತಿದ್ದೆ. ಒಂದಿನ ಆ ದನಿ ಬಂತು, ನಾನು ತಲೆ ಎತ್ತಿ ಗಡಿಯಾರ ನೋಡ್ದೆ, ಓ ಊಟದ ಹೊತ್ತಾಯ್ತು ಅಂದ್ಕೊಂಡೆ. ಅವರ ದನಿ ಕೇಳಿ ನನಗೆ ನೆನಪಾದದ್ದು ಊಟ. ಅವತ್ತು ಹೋಗಿ ಬಿಚ್ಚಿದೆ. ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಅದೂ ಫ್ಯಾನಿನ ಸದ್ದಾಗಿಬಿಡ್ತಿತ್ತು."

ಅವಳು ನನ್ನ ಕಡೆ ತಿರುಗಿದಳು.

"ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?"

ಇಲ್ಲ ಎನ್ನಲು ನಾಲಿಗೆ ಸಿದ್ಧವಾಗಿತ್ತು. ನನ್ನನ್ನು ಸಾಕಿದವಳು ಅವಳು, ಒಂದು ಸುಳ್ಳು ಹೇಳುವಷ್ಟು ಋಣವಾದರೂ ನನ್ನ ಮೇಲಿತ್ತು. ಆದರೆ ಅವಳು ನಿಜವಾಗಿ ಕೇಳಿದ್ದಳು. ಎರಡು ತಿಂಗಳಲ್ಲಿ ಅವಳ ಹತ್ತಿರ ಬಂದವರಲ್ಲಿ ಒಬ್ಬರೂ ಅವಳಿಗೆ ನಿಜ ಹೇಳಿರಲಿಲ್ಲ; ಪುಣ್ಯವಂತರು, ನರಳಲಿಲ್ಲ ಎಂದು ಹೇಳಿ ಹೋಗಿದ್ದರು. ಆ ಸಾಲಿನಲ್ಲಿ ನಾನೂ ನಿಲ್ಲುವುದು ನನಗೆ ಬೇಡವಾಗಿತ್ತು.

ಇದೆ ಎಂದೆ. ಎಲ್ಲ ಹೇಳಿದೆ. ಸ್ಪೀಕರಿಲ್ಲದೆ ದನಿ ಹೊರಡಲಿಲ್ಲ, ದನಿ ಮುಗಿಯದೆ ಮೋಟರು ಹೊರಡಲಿಲ್ಲ. ಅವಳು ಬಿಚ್ಚದಿದ್ದರೆ ಭಾವನ ತಪ್ಪು ಯಾವತ್ತೂ ಹೊರಬೀಳುತ್ತಿರಲಿಲ್ಲ, ಭಾವ ಮಿತಿ ಇಟ್ಟಿದ್ದರೆ ಅವಳು ಬಿಚ್ಚಿದ್ದರಿಂದ ಏನೂ ಆಗುತ್ತಿರಲಿಲ್ಲ. ಇಬ್ಬರಲ್ಲಿ ಯಾರೊಬ್ಬರ ಮೇಲೂ ಪೂರ್ತಿ ಹಾಕಲು ಬರುವುದಿಲ್ಲ ಎಂದೆ.

ಅಕ್ಕ ಕೇಳಿಸಿಕೊಂಡಳು. ಆ ಚಿತ್ರದ ಕಾಗದದ ಅಂಚನ್ನು ಮಡಿಸತೊಡಗಿದಳು. ಆಮೇಲೆ ಸಣ್ಣ ದನಿಯಲ್ಲಿ, ಮೂರು ವಾರ ಅದಕ್ಕೆ ಗೊತ್ತೇ ಆಗಲಿಲ್ಲವೇ ಎಂದಳು.

"ಗೊತ್ತಾಗಲ್ಲ ಅಕ್ಕ. ಆ ಕಡೆ ಮಾತಾಡ್ತಿದಾರೋ, ಸತ್ತಿದಾರೋ ಅದಕ್ಕೆ ಗೊತ್ತಾಗಲ್ಲ. ಮುಗಿದಿಲ್ಲ ಅನ್ನೋದಷ್ಟೇ ಗೊತ್ತು. ಇನ್ನೂ ಮುಗಿದಿಲ್ಲ ಅಂತ ಕಾಯ್ತಾ ಇರುತ್ತೆ."

ಅವಳ ಕೈ ನಿಂತಿತು.

"ನಾನೂ ಹಾಗೇ ಅಂದ್ಕೊಂಡೆ," ಎಂದಳು. ನನಗೆ ಅರ್ಥವಾಗಲಿಲ್ಲ. ಅವಳು ತೆರೆದ ಬಾಗಿಲಿನಾಚೆಯ ಬೆಂಚನ್ನು ನೋಡುತ್ತಿದ್ದಳು. "ಅವತ್ತು ನಾನು ಫೋನಿನಲ್ಲಿದ್ದೆ. ಮೊಟ್ಟೆ ಕೊಡೋನ ಜೊತೆ ಜಗಳ. ಅವರು ಬಂದು ಬಾಗಿಲಲ್ಲಿ ನಿಂತ್ರು. ಏನೋ ಹೇಳೋಕೆ ಬಾಯಿ ತೆಗೆದ್ರು. ನಾನು ಹೀಗೆ ಮಾಡಿದೆ." ಅವಳು ಅಂಗೈ ಎತ್ತಿ ತೋರಿಸಿದಳು, ದಾರಿಯಲ್ಲಿ ವಾಹನ ನಿಲ್ಲಿಸುವವರ ಹಾಗೆ. "ತಡೀರಿ ಅಂತ. ತಲೆ ಆಡಿಸಿ ಹೋಗಿ ಬೆಂಚಿನ ಮೇಲೆ ಕೂತ್ರು. ನನಗೆ ಇಲ್ಲಿಂದ ಕಾಣ್ತಾನೇ ಇದ್ರು ಕಣೋ. ಜಗಳ ಆಡ್ತಾ ಆಡ್ತಾ ಎರಡು ಮೂರು ಸಲ ನೋಡಿದೆ. ಕಾಯ್ತಿದಾರೆ ಅಂದ್ಕೊಂಡೆ. ನನ್ನ ಮಾತು ಮುಗೀಲಿ ಅಂತ ಕಾಯ್ತಿದಾರೆ."

ಗೋಡೆಯಾಚೆ ಕಾವು ಕೋಣೆಯ ಫ್ಯಾನುಗಳು ತಿರುಗುತ್ತಿದ್ದವು. ಅವಳ ಕೈ ಇನ್ನೂ ಎತ್ತಿದಲ್ಲೇ ಇತ್ತು. ಆಮೇಲೆ ಅದು ಮೇಜಿನ ಮೇಲೆ ಬಿತ್ತು, ಜೋರಾಗಿ.

"ನಡುವೆ ಬಾಯಿ ಹಾಕಬಾರದಿತ್ತಾ ಅವನು?" ಅಷ್ಟು ವರ್ಷದಲ್ಲಿ ಅವಳ ದನಿ ಅಷ್ಟು ಏರಿದ್ದು ನಾನು ಕೇಳಿರಲಿಲ್ಲ. "ಎದೆನೋವು ಇಟ್ಕೊಂಡು ಬಂದೋನು, ಫೋನ್ ಇಡೇ ಅಂತ ಒಂದು ಸಲ ಕಿರುಚಬಾರದಿತ್ತಾ? ಹುಟ್ಟಿದಾಗಿನಿಂದ ಒಂದೇ ಒಂದು ಸಲ?"

ಅವಳು ಅತ್ತಳು. ಮೇಜಿನ ಮೇಲೆ ತಲೆಯಿಟ್ಟು, ದನಿ ತೆಗೆದು, ಹೊರಗೆ ತಟ್ಟೆಯಮ್ಮನಿಗೆ ಕೇಳುವ ಹಾಗೆ ಅತ್ತಳು. ನನಗೆ ಭಾವನ ಮೇಲೆ ಸಿಟ್ಟು ಬಂತು. ನನ್ನ ಪೆಟ್ಟಿಗೆಗೆ ಮೇಜು ಖಾಲಿ ಮಾಡಿಕೊಟ್ಟ, ನನಗೆ ಅನ್ನದ ದಾರಿ ತೋರಿಸಿದ ಆ ಮನುಷ್ಯನ ಮೇಲೆ ಸಿಟ್ಟು ಬಂತು, ಅದು ನನಗೆ ಗೊತ್ತೂ ಆಯಿತು. ಅಳು ಮಾತ್ರ ಬರಲಿಲ್ಲ. ಅಕ್ಕನ ಬೆನ್ನ ಮೇಲೆ ಕೈ ಇಟ್ಟುಕೊಂಡು, ಇವಳ ಬೆನ್ನು ಎಷ್ಟು ಸಣ್ಣಗಾಗಿದೆ ಎಂದು ಯೋಚಿಸುತ್ತ ನಿಂತಿದ್ದೆ.

ಅಳು ನಿಂತ ಮೇಲೆ ಅವಳು ಮುಖ ತೊಳೆದು ಬಂದಳು. ಪೆಟ್ಟಿಗೆ ಎಸೆಯುವುದು ಬೇಡ, ಸರಿಮಾಡು ಎಂದಳು. ದನಿ ಇನ್ನು ಮೇಲೆ ತನ್ನದಿರಲಿ, ಅವರದನ್ನು ಅಳಿಸದೆ ಎಲ್ಲಾದರೂ ತೆಗೆದಿಡು ಎಂದಳು. ಎಷ್ಟು ಹೊತ್ತು ಕಾಯುವ ಹಾಗೆ ಮಾಡುತ್ತೀ ಎಂದು ಕೇಳಿದಳು. ಹತ್ತು ಸೆಕೆಂಡು ಎಂದೆ. ಆಮೇಲೆ ಏನು ಮಾಡುತ್ತದೆ ಎಂದಳು. ಕೂಗುವುದನ್ನು ನಿಲ್ಲಿಸಿ, ಏನಾಯಿತು ಎಂದು ಬರೆದಿಟ್ಟು, ಪೆಟ್ಟಿಗೆಯೊಳಗಿನ ಕರ್ಕಶವಾದ ಗಂಟೆ ಬಾರಿಸಿ ತಟ್ಟೆ ವಾಲಿಸುತ್ತದೆ. ಅಷ್ಟೇ ಅಲ್ಲ, ಅವಳ ಫೋನಿಗೂ ಸುದ್ದಿ ಕಳಿಸುತ್ತದೆ ಎಂದೆ. ಹತ್ತು ಸಾಕು ಎಂದಳು.

ಮಧ್ಯಾಹ್ನವೆಲ್ಲ ಆ ಕ್ರೇಟಿನ ಮೇಲೆ ಕೂತು ಬರೆದೆ. ಹೆಚ್ಚೇನೂ ಇರಲಿಲ್ಲ. ಬೇರೆ ಮಕ್ಕಳಿಗೆ ಭಾವ ಬರೆದಿದ್ದ ಸಾಲುಗಳನ್ನೇ ಇದಕ್ಕೂ ಹೊಂದಿಸಿದೆ. ಮುಗಿದ ಮೇಲೆ ಪರೀಕ್ಷೆಗೆಂದು ವೈರನ್ನು ಮೊಳೆಯಲ್ಲೇ ಬಿಟ್ಟು, ತಟ್ಟೆ ವಾಲಿಸುವ ಆಜ್ಞೆ ಕೊಟ್ಟೆ. ಅಕ್ಕನ ದನಿ ಇನ್ನೂ ಹಿಡಿದಿರಲಿಲ್ಲ, ಹೊರಡಬೇಕಿದ್ದದ್ದು ಭಾವನ ದನಿಯೇ. ಸ್ಪೀಕರಿಲ್ಲ. ಡೀಮನ್ ಕಾಯಿತು. ಮೂರು ವಾರ ಕಾದದ್ದು ಈಗ ಹತ್ತು ಸೆಕೆಂಡು ಕಾದು ಆ ದನಿಯನ್ನು ಕೊಂದಿತು. ಗಂಟೆ ಬಡಿಯಿತು. ಖಾಲಿ ತಟ್ಟೆಗಳು ಒಟ್ಟಿಗೆ ಎಡದಿಂದ ಬಲಕ್ಕೆ ವಾಲಿದವು. ಪರದೆಯ ಮೇಲೆ ನಾನೇ ಬರೆದಿದ್ದ ಸಾಲು ಮೂಡಿತು: ಕಾದೆ, ಉತ್ತರ ಬರಲಿಲ್ಲ, ನಿಲ್ಲಿಸಿದೆ.

ಎಲ್ಲ ಸರಿಯಾಗಿ ನಡೆದಿತ್ತು. ನಾನು ಲ್ಯಾಪ್‌ಟಾಪು ಮುಚ್ಚಬೇಕಿತ್ತು. ಮುಚ್ಚಲು ಕೈ ಚಾಚಿದರೆ ಆ ಸಾಲು ಕಾಣಿಸಲಿಲ್ಲ. ಕಾವು ಕೋಣೆಯ ಮಂಜು ಎಂದುಕೊಂಡು ಕನ್ನಡಕ ತೆಗೆದು ಒರೆಸಿದೆ. ಮಂಜಲ್ಲ. ಒರೆಸಿದಷ್ಟೂ ಕಣ್ಣು ತುಂಬುತ್ತಿತ್ತು. ಎದ್ದು ಆಫೀಸು ಕೋಣೆಯ ಬಾಗಿಲಿಗೆ ಹೋದೆ.

ಅಕ್ಕ ಫೋನಿನಲ್ಲಿದ್ದಳು. ಶನಿವಾರ ಬರಬೇಡಿ ಎಂದು ಪೆಟ್ಟಿಗೆ ಮಾರುವವನಿಗೆ ಹೇಳುತ್ತಿದ್ದಳು, ಅವನು ಬಿಡುತ್ತಿರಲಿಲ್ಲ. ಅವನ ದನಿ ನನಗೂ ಕೇಳುತ್ತಿತ್ತು. ನಾನು ಬಾಗಿಲಲ್ಲಿ ಕೈಕಟ್ಟಿ ನಿಂತೆ. ಆ ಮನೆಯಲ್ಲಿ ಬೆಳೆದವನು ನಾನು, ಇನ್ನೊಬ್ಬರ ಮಾತು ಮುಗಿಯುವವರೆಗೆ ನಿಲ್ಲುವುದು ನನಗೆ ಯಾರೂ ಹೇಳಿಕೊಡದೆ ಬಂದದ್ದು. ಅಕ್ಕ ನನ್ನನ್ನು ನೋಡಿದಳು. ಅವಳ ಕೈ ಅದರಷ್ಟಕ್ಕೆ ಅದು ಮೇಲೇಳತೊಡಗಿತು.

"ಅಕ್ಕ," ಎಂದೆ. "ನನಗೆ ಆಗ್ತಿಲ್ಲ. ಈಗಲೇ ಫೋನ್ ಇಡು."

ಅವನು ಇನ್ನೂ ಮಾತಾಡುತ್ತಲೇ ಇದ್ದ. ಅಕ್ಕ ಫೋನ್ ಇಟ್ಟು ಎದ್ದು ಬಂದಳು.